ಬಸಿದ ಕಟ್ಟನ್ನು ಚೆಲ್ಲಬೇಡಿ, ಸೀಸೆಯ ಮಾತ್ರೆಗೆ ಅವಸರ ಬೇಡ

ಬೆಣ್ಣೆ ಕಾಯಿಸುವಾಗ, ತುಪ್ಪ ಇನ್ನೇನು ಹದಕ್ಕೆ ಬಂತು ಅನ್ನುವ ಹೊತ್ತಿಗೆ ಒಂದು ವೀಳ್ಯದೆಲೆಯನ್ನೋ ನಾಲ್ಕು ಎಸಳು ನುಗ್ಗೆಸೊಪ್ಪನ್ನೋ ಹಾಕುವ ರೂಢಿ ನಮ್ಮ ಕಡೆ ಇಂದಿಗೂ ಇದೆ. ಘಮಕ್ಕೆ ಹಾಕುತ್ತಾರೆ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಘಮವೂ ನಿಜ, ಆದರೆ ಆ ಎಲೆ ಹಾಕಿದ ತುಪ್ಪ ಬೇಗ ಕಮಟಾಗುವುದಿಲ್ಲ. ಗಾಳಿಯ ಆಮ್ಲಜನಕ ತಾಗಿ ಜಿಡ್ಡು ಕೆಡುತ್ತದೆ. ಎಲೆಯಲ್ಲಿರುವ ಫಿನಾಲ್ ಜಾತಿಯ ಅಂಶಗಳು ಆ ಕೆಡುಕನ್ನು ನಿಧಾನ ಮಾಡುತ್ತವೆ. ಡಬ್ಬ, ಪೊಟ್ಟಣಗಳ ಮೇಲೆಲ್ಲ ಆಂಟಿಆಕ್ಸಿಡೆಂಟ್ ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಅದರ ಕೆಲಸ ಮೂಲತಃ ಇದೇ. ನಮ್ಮ ಜೀವಕೋಶಗಳಿಗೂ ಜಿಡ್ಡಿನ ಪೊರೆ ಇದೆ. ಉಸಿರಾಟ, ಅನ್ನದಿಂದ ಶಕ್ತಿ ತೆಗೆಯುವ ಕೆಲಸ, ಬೀಡಿ ಸಿಗರೇಟಿನ ಹೊಗೆ, ಸುಡು ಬಿಸಿಲು ಎಲ್ಲದರಿಂದಲೂ ಅದಕ್ಕೆ ಪೆಟ್ಟು ಬೀಳುತ್ತಲೇ ಇರುತ್ತದೆ. ತಡೆಯಲು ದೇಹದ ಒಳಗೇ ಏರ್ಪಾಡಿದೆ, ಅದಕ್ಕೆ ಊಟದಿಂದಲೂ ಬೆಂಬಲ ಬೇಕು.

ಆ ಬೆಂಬಲ ಎಲ್ಲಿದೆ ಎಂದು ತಿಳಿಯಲು ಪುಸ್ತಕ ಬೇಕಿಲ್ಲ. ಕಡುಬಣ್ಣ, ಒಗರು, ಕಹಿ ಈ ಮೂರನ್ನು ಗುರುತಿಟ್ಟುಕೊಳ್ಳಿ. ನೇರಳೆಹಣ್ಣಿನ ನೀಲಿ, ಪುನರ್ಪುಳಿಯ ಕೆಂಪು, ಹುರುಳಿ ಸಿಪ್ಪೆಯ ಕಂದು, ಬಾಳೆಹೂವಿನ ಒಗರು, ಹಾಗಲಕಾಯಿಯ ಕಹಿ. ಮಕ್ಕಳು ಮುಖ ಸಿಂಡರಿಸುವ ಪದಾರ್ಥಗಳೇ ಇವು, ಆದ್ದರಿಂದಲೇ ಮನೆಯಲ್ಲಿ ಇವು ಮೊದಲು ಮಾಯವಾಗುತ್ತಿವೆ. ರಾಗಿಯದೂ ಇದೇ ಕತೆ. ಅದರ ಒಳ್ಳೆಯ ಅಂಶ ಹೆಚ್ಚಿರುವುದು ಹೊರಗಿನ ಕಂದು ಸಿಪ್ಪೆಯಲ್ಲಿ. ಕೂಸಿಗೆ ಸರಿ ಮಾಡುವಾಗ ಹಿಟ್ಟನ್ನು ಬಟ್ಟೆಯಲ್ಲಿ ಶೋಧಿಸುವುದು ಸರಿಯೇ. ದೊಡ್ಡವರ ಮುದ್ದೆಗೂ ಹಾಗೆ ನುಣುಪಾಗಿ ಜರಡಿ ಹಿಡಿದು ತೌಡನ್ನು ಚೆಲ್ಲುವುದು ಬೇಡ.

ನನಗೆ ಇನ್ನೂ ಹೆಚ್ಚಿನ ಕಾಳಜಿ ಇರುವುದು ಅಡುಗೆಮನೆಯಲ್ಲೇ ಕಳೆದುಹೋಗುವುದರ ಬಗ್ಗೆ. ದುಡ್ಡು ಕೊಟ್ಟು ತಾಜಾ ಸೊಪ್ಪು ತರುತ್ತೇವೆ. ಹೆಚ್ಚಿದ ಮೇಲೆ ನೀರಿಗೆ ಹಾಕಿ ಅರ್ಧ ಗಂಟೆ ಬಿಡುತ್ತೇವೆ, ಬೇಯಿಸಿ ಆ ನೀರನ್ನೂ ಬಸಿದು ಸಿಂಕಿಗೆ ಸುರಿಯುತ್ತೇವೆ. ಸಿ ಜೀವಸತ್ವ ನೀರಿನಲ್ಲಿ ಕರಗುವಂಥದ್ದು, ಆಗಲೇ ಹೇಳಿದ ಫಿನಾಲ್ ಜಾತಿಯ ಅಂಶಗಳಾದ ಪಾಲಿಫಿನಾಲ್‌ಗಳಲ್ಲೂ ಬಹಳಷ್ಟು ನೀರಿಗೆ ಇಳಿಯುತ್ತವೆ. ಆದ್ದರಿಂದ ಸೊಪ್ಪನ್ನು ಇಡಿಯಾಗಿ ಇರುವಾಗಲೇ ನಾಲ್ಕು ನೀರಿನಲ್ಲಿ ತೊಳೆದುಬಿಡಿ, ಆಮೇಲೆ ಹೆಚ್ಚಿ, ಹೆಚ್ಚಿದ್ದನ್ನು ಕೂಡಲೇ ಒಲೆಗೆ ಹಾಕಿ. ಮಂಡ್ಯ, ಹಾಸನ, ಮೈಸೂರು ಕಡೆಯ ಬಸ್ಸಾರನ್ನು ನಾನು ಇದಕ್ಕಾಗಿಯೇ ಬಹಳ ದೊಡ್ಡ ಅಡುಗೆ ಎನ್ನುತ್ತೇನೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ನೀರಿಗೆ ಇಳಿದದ್ದೂ ತಟ್ಟೆಗೇ ಬರುತ್ತದೆ. ಹುರುಳಿಕಾಳಿನ ಬಸ್ಸಾರು ವಾರಕ್ಕೊಮ್ಮೆ ಆದರೂ ಮಾಡಿ.

ನಿಂಬೆರಸವನ್ನು ಕುದಿಯುವ ಸಾರಿಗೆ ಹಿಂಡಬೇಡಿ, ಕಾವಿಗೆ ಅದರ ಸಿ ಜೀವಸತ್ವ ಕೆಡುತ್ತದೆ. ಒಲೆ ಆರಿಸಿ, ಪಾತ್ರೆ ಕೆಳಗಿಳಿಸಿದ ಮೇಲೆ ಹಿಂಡಿ, ಚಿತ್ರಾನ್ನಕ್ಕೂ ಹಾಗೆಯೇ. ಹಾಗೆಂದು ಎಲ್ಲವನ್ನೂ ಹಸಿಯಾಗಿ ತಿನ್ನಬೇಕೆಂಬ ಹಟವೂ ಬೇಡ. ಟೊಮೆಟೊದ ಕೆಂಪು, ಅಂದರೆ ಲೈಕೋಪಿನ್, ಎಣ್ಣೆಯಲ್ಲಿ ಬಾಡಿಸಿದಾಗಲೇ ಮೈಗೆ ಚೆನ್ನಾಗಿ ಹತ್ತುವುದು. ಕ್ಯಾರೆಟ್ಟು, ಕುಂಬಳ, ಸೊಪ್ಪಿನಲ್ಲಿರುವ ಕ್ಯಾರೋಟಿನ್ ಎಂಬ ಬಣ್ಣದ ಅಂಶಕ್ಕೂ ಜಿಡ್ಡು ಬೇಕು. ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಕೋಸಂಬರಿಗೆ ಒಂದಿಷ್ಟು ಕಾಯಿತುರಿ ಹಾಕಿದರೆ ಸಾಕು.

ಅರಿಶಿನದ ಮಾತು ಬಂದಾಗಲೆಲ್ಲ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಬೇಕು. ಅರಿಶಿನದ ಕರ್ಕ್ಯುಮಿನ್ ತಾನಾಗಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟಾಗ ಅದು ಹಲವು ಪಟ್ಟು ಹೆಚ್ಚಾಗಿ ಸೇರಿತು. ಹಾಗಾಗಿ ಅರಿಶಿನದ ಹಾಲಿಗೆ ಎರಡು ಕಾಳು ಮೆಣಸು ಕುಟ್ಟಿ ಹಾಕಿ. ಆದರೆ ಇದೇ ಜೋಡಿಯನ್ನು ಭಾರೀ ಪ್ರಮಾಣದಲ್ಲಿ ಮಾತ್ರೆ ಮಾಡಿ ಮಾರುತ್ತಾರೆ, ಅದನ್ನು ನುಂಗಿ ಯಕೃತ್ತಿಗೆ ತೊಂದರೆಯಾದ ವರದಿಗಳು ಹಲವು ದೇಶಗಳಿಂದ ಬಂದಿವೆ. ಸಾರಿಗೆ ಹಾಕುವ ಚಿಟಿಕೆಯೇ ಬೇರೆ, ಮಾತ್ರೆಯ ಲೆಕ್ಕವೇ ಬೇರೆ. ಮಲೆನಾಡಿನ ಉಪ್ಪಾಗೆಯನ್ನೂ ನೋಡಿ. ಅದರ ಸಿಪ್ಪೆಯನ್ನು ಹುಳಿಗೆ, ಬೀಜವನ್ನು ತುಪ್ಪಕ್ಕೆ ಬಳಸಿ ಜನ ಚೆನ್ನಾಗಿಯೇ ಇದ್ದಾರೆ. ಅದರ ಸಾರವನ್ನು ಮೈ ಇಳಿಸುವ ಮಾತ್ರೆಗಳಲ್ಲಿ ತುಂಬಿದ ಮೇಲೆ ಅಲ್ಲೂ ಯಕೃತ್ತಿನ ದೂರು ಬಂತು.

ಈಗ ಮಾತ್ರೆಗಳ ವಿಷಯ. ತರಕಾರಿಯ ಬಣ್ಣದ ಅಂಶವನ್ನೇ ಮಾತ್ರೆಯಾಗಿ ನುಂಗಿದರೆ ಕ್ಯಾನ್ಸರ್ ದೂರವಾಗಬಹುದು ಎಂಬ ಆಸೆ ವಿಜ್ಞಾನಿಗಳಿಗೂ ಇತ್ತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪರೀಕ್ಷೆ ನಡೆಸಿ, 1994ರಲ್ಲಿ ಫಲಿತಾಂಶ ಕೊಟ್ಟರು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಇತ್ತು. ಅಮೆರಿಕದಲ್ಲಿ ದಿನಾ 400 ಯೂನಿಟ್ ಇ ಜೀವಸತ್ವ ನುಂಗಿದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿದ್ದು 2011ರಲ್ಲಿ ತಿಳಿಯಿತು. ಕೂದಲಿಗೆ, ಚರ್ಮಕ್ಕೆ ಒಳ್ಳೆಯದೆಂದು ಆ ಹಸಿರು ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನುಂಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮನೆಯಲ್ಲಿ ಧೂಮಪಾನ ಮಾಡುವವರಿದ್ದರೆ ಬೀಟಾ ಕ್ಯಾರೋಟಿನ್ ಮಾತ್ರೆ ಒಳಗೇ ಬರಬಾರದು. ಕ್ಯಾರೆಟ್ಟು ಧಾರಾಳವಾಗಿ ತಿನ್ನಲಿ, ಸೇದುವುದನ್ನು ಬಿಡಲಿ.

ಸಿ ಜೀವಸತ್ವಕ್ಕಂತೂ ಮಾತ್ರೆ ಯಾಕೆ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ಬೇಕು. ಒಂದು ದಪ್ಪ ಬೆಟ್ಟದ ನೆಲ್ಲಿಕಾಯಿಯಲ್ಲೋ ಒಂದು ಸೀಬೆಹಣ್ಣಿನಲ್ಲೋ ಅಷ್ಟು ಸಿಕ್ಕಿಬಿಡುತ್ತದೆ. ಮಾತ್ರೆ ದಿನಕ್ಕೆ 2,000 ಮಿಲಿಗ್ರಾಂ ದಾಟಿದರೆ ಹೊಟ್ಟೆ ಕೆಡುತ್ತದೆ, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಇನ್ನೂ ಕಷ್ಟ. ಕಾರ್ತಿಕದಲ್ಲಿ ತುಳಸಿ ಪೂಜೆಗೆ ನೆಲ್ಲಿ ಕೊಂಬೆ ತರುವ ಹೊತ್ತಿಗೆ ಕಾಯಿ ಅಗ್ಗವಾಗುತ್ತದೆ. ಆಗ ಹೆಚ್ಚಾಗಿ ಕೊಂಡು ಒಂದಷ್ಟನ್ನು ಉಪ್ಪುನೀರಿಗೆ ಹಾಕಿ, ಒಂದಷ್ಟನ್ನು ಒಣಗಿಸಿ ಚಟ್ಟು ಮಾಡಿಡಿ. ಒಣಗಿದಾಗ ಸಿ ಜೀವಸತ್ವ ಕಡಿಮೆಯಾದರೂ ಒಗರಿನ ಅಂಶ ಬಹುಪಾಲು ಉಳಿಯುತ್ತದೆ. ಚಟ್ಟು ನೆನೆಸಿ, ಕಾಯಿ, ಜೀರಿಗೆ ಜೊತೆ ರುಬ್ಬಿ, ಮಜ್ಜಿಗೆ ಸೇರಿಸಿದರೆ ಬೇಸಿಗೆಗೆ ತಂಬುಳಿ ಆಯಿತು. ನೆಲ್ಲಿಕಾಯಿ ಮುರಬ್ಬದಲ್ಲಿ ಸಕ್ಕರೆಯೇ ಹೆಚ್ಚು, ಅದನ್ನು ಔಷಧಿ ಎಂದು ಬಗೆಯಬೇಡಿ. ಅಂಗಡಿಯ ಪುನರ್ಪುಳಿ ಸಿರಪ್ಪಿಗೂ ಇದೇ ಮಾತು. ಒಣ ಸಿಪ್ಪೆ ತಂದು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ, ಚೂರು ಬೆಲ್ಲ, ಜೀರಿಗೆಪುಡಿ, ಉಪ್ಪು ಹಾಕಿಕೊಳ್ಳಿ.

ಕಾಫಿ, ಟೀಗಳಲ್ಲೂ ಪಾಲಿಫಿನಾಲ್ ಚೆನ್ನಾಗಿದೆ, ಕುಡಿಯಲು ಅಡ್ಡಿ ಇಲ್ಲ. ಊಟವಾದ ಕೂಡಲೇ ಮಾತ್ರ ಬೇಡ. ಊಟದಲ್ಲಿದ್ದ ಕಬ್ಬಿಣಾಂಶ ಮೈಗೆ ಹತ್ತದಂತೆ ಅವು ತಡೆಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡಿದೆ. ಹೀಗಿರುವಾಗ ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಬಿಡಿ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯನ್ನು ನನ್ನ ಮಾತು ಕೇಳಿ ಯಾರೂ ನಿಲ್ಲಿಸಬೇಡಿ. ಅದು ಬೇಕೇ ಬೇಕು, ನಿಂಬೆ ಪಾನಕದ ಜೊತೆ ನುಂಗಿದರೆ ಇನ್ನೂ ಒಳ್ಳೆಯದು.

ಕರಿದ ಎಣ್ಣೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಬ್ಬಕ್ಕೆ ಚಕ್ಕುಲಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದು ಕೆಟ್ಟು, ತಿಂದವರ ಮೈಗೆ ಹೊರೆಯಾಗುತ್ತದೆ. ಸೋಸಿ, ಮುಚ್ಚಿಟ್ಟು, ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಹಳೆಯದಕ್ಕೆ ಹೊಸ ಎಣ್ಣೆ ಬೆರೆಸಬೇಡಿ. ನೊರೆ ಬಂದರೆ, ಬಣ್ಣ ಕಪ್ಪಾಗಿ ಅಂಟಾದರೆ ಚೆಲ್ಲಿ, ಅದಕ್ಕೆ ಮರುಗಬೇಡಿ.

ಕೆಲವರಿಗೆ ಮಾತ್ರೆ ನಿಜವಾಗಿ ಬೇಕಾಗುತ್ತದೆ. ವಯಸ್ಸಾದವರ ಕಣ್ಣಿನ ಅಕ್ಷಿಪಟಲ ಸವೆಯುವ ಒಂದು ಕಾಯಿಲೆಯಲ್ಲಿ, ಅದು ಒಂದು ಹಂತ ತಲುಪಿದ ಮೇಲೆ, ಲ್ಯೂಟಿನ್, ಸತು, ಸಿ, ಇ ಸೇರಿದ ಮಾತ್ರೆಯನ್ನು ಕಣ್ಣಿನ ವೈದ್ಯರು ಬರೆದುಕೊಡುತ್ತಾರೆ. ಅದರಿಂದ ರೋಗ ಮುಂದುವರಿಯುವುದು ನಿಧಾನವಾಗುವುದು ಪರೀಕ್ಷೆಯಲ್ಲಿ ಸಾಬೀತಾಗಿದೆ. ಇನ್ನು ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವವರು ಆಯುರ್ವೇದದ್ದಿರಲಿ, ಅಲೋಪಥಿಯದ್ದಿರಲಿ, ಇಂಥ ಯಾವ ಮಾತ್ರೆಯನ್ನೂ ಕೇಳದೆ ಮುಟ್ಟಬಾರದು. ವೈದ್ಯರ ಬಳಿಗೆ ಹೋಗುವಾಗ ಬಾಯಲ್ಲಿ ಹೆಸರು ಹೇಳಿದರೆ ಸಾಲದು, ಮನೆಯಲ್ಲಿರುವ ಸೀಸೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ.