ಮಿಗ್-21ರ ರೆಕ್ಕೆಗೆ ಬಿಲ್ಲೆ ಅಂಟಿಸುವ ಮುನ್ನ

1963ರಲ್ಲಿ ನಮ್ಮ ವಾಯುಪಡೆಗೆ ಸೇರಿದ ಯುದ್ಧವಿಮಾನ ಮಿಗ್-21ಗೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಆಯಿತು. ಅದಾದ ಮೇಲೆ ನನ್ನ ಪರಿಚಯದ ನಾಲ್ಕು ಜನ ಪ್ಲಾಸ್ಟಿಕ್ ಕಿಟ್ ತಂದು ಮಿಗ್‌ನ ಪುಟ್ಟ ಮಾದರಿ ಕಟ್ಟಿದರು. ಬಣ್ಣ ಹೊಡೆಯುವವರೆಗೂ ನಾಲ್ಕೂ ಚೆನ್ನಾಗಿದ್ದವು. ಡೆಕಾಲ್, ಅಂದರೆ ನೀರಲ್ಲಿ ಅದ್ದಿ ಅಂಟಿಸುವ ಚಿತ್ರದ ಪೊರೆ, ಅಂಟಿಸಿದ್ದೇ ತಡ, ರೆಕ್ಕೆಯ ಮೇಲಿನ ಕೇಸರಿ-ಬಿಳಿ-ಹಸಿರು ಬಿಲ್ಲೆಯ ಸುತ್ತ ಪ್ಲಾಸ್ಟಿಕ್ ಕವರ್ ಅಂಟಿಸಿದ ಹಾಗೆ ಬೆಳ್ಳಿ ಬಣ್ಣದ ಅಂಚು ಎದ್ದು ಕಾಣತೊಡಗಿತು. ಮೂರು ವಾರದ ಕೆಲಸ, ಒಂದು ಸಂಜೆಯಲ್ಲಿ ಹಾಳು. ಅದಕ್ಕೇ ಈ ಲೇಖನ.

ಮೊದಲ ಸಲ ಮಾಡುವವರು 1/72 ಅಳತೆಯ ಕಿಟ್ ತನ್ನಿ. ನಿಜವಾದ ಮಿಗ್‌ನ ರೆಕ್ಕೆಯ ತುದಿಯಿಂದ ತುದಿಗೆ 7.15 ಮೀಟರ್. ಇದರಲ್ಲಿ ಅದು ಹತ್ತು ಸೆಂಟಿಮೀಟರ್‌ಗೂ ಒಂದು ಕೂದಲೆಳೆ ಕಮ್ಮಿ. ಅಂಗೈ ಮೇಲೆ ಕೂರುತ್ತೆ, ಶೋಕೇಸ್‌ನಲ್ಲಿ ಜಾಗ ಕೇಳಲ್ಲ.

ಹಂತ 1. ಬಿಡಿಭಾಗಗಳನ್ನು ಫ್ರೇಮಿನಲ್ಲೇ ಇಟ್ಟು, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯಲ್ಲ.

ಹಂತ 2. ಕಟ್ಟರ್‌ನಲ್ಲಿ ಕತ್ತರಿಸಿ. ಕೈಯಲ್ಲಿ ಮುರಿಯಬೇಡಿ.

ಹಂತ 3. ಒಡಲಿನ ಎರಡು ಹೋಳು ಅಂಟಿಸುವ ಮೊದಲು ಮೂಗಿನೊಳಗೆ ಭಾರ ಇಡಿ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು. ಇದನ್ನು ಮರೆತರೆ ವಿಮಾನ ಬಾಲದ ಮೇಲೆ ಕೂತು ಆಕಾಶ ನೋಡುತ್ತೆ. ಅಂಟಿಗೆ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ತೆಳು ಪ್ಲಾಸ್ಟಿಕ್ ಸಿಮೆಂಟ್ ಬಳಸಿ. ಎರಡು ಹೋಳನ್ನೂ ಒತ್ತಿ ಹಿಡಿದಾಗ ಕೂಡುಗೆರೆಯುದ್ದಕ್ಕೂ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಿನಂತೆ ಉಕ್ಕಿ ಬರಬೇಕು. ಅದನ್ನು ಒರೆಸಬೇಡಿ. ಒಂದು ದಿನ ಬಿಟ್ಟು 400, ಆಮೇಲೆ 800 ನಂಬರಿನ ಮರಳು ಕಾಗದದಲ್ಲಿ ಉಜ್ಜಿದರೆ ಗೆರೆಯೇ ಮಾಯ. ಪುಟ್ಟಿ ಖರ್ಚು ಉಳಿಯಿತು.

ಸೂಪರ್ ಗ್ಲೂ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಬೇರೆ ಕಡೆ ಆದೀತು, ಕಾಕ್‌ಪಿಟ್ ಗಾಜಿನ ಹತ್ತಿರ ಮಾತ್ರ ತರಬೇಡಿ. ಅದರ ಹೊಗೆಗೆ ಪಾರದರ್ಶಕ ಪ್ಲಾಸ್ಟಿಕ್ ಒಳಗಿನಿಂದ ಮಂಜು ಹಿಡಿದಂತೆ ಬಿಳಿಚಿಕೊಳ್ಳುತ್ತೆ. ಗಾಜಿಗೆ ಮನೆಯಲ್ಲಿರುವ ಬಿಳಿ ಫೆವಿಕಾಲ್ ಸಾಕು. ಒಣಗಿದ ಮೇಲೆ ಕಾಣುವುದೂ ಇಲ್ಲ.

ಹಂತ 4: ಬಣ್ಣ. ಮೊದಲು ಪ್ರೈಮರ್, ಆಮೇಲೆ ತಿಳಿ ಬಣ್ಣ, ಕೊನೆಗೆ ಗಾಢ ಬಣ್ಣ. ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿಕೊಂಡು ಮೂರು ಕೋಟ್ ಕೊಡಿ. ಒಂದೇ ಸಲ ದಪ್ಪ ಬಳಿಯುವವರ ಕೈಯಲ್ಲಿ ತಗಡಿನ ಜೋಡಣೆ ತೋರಿಸುವ ಪ್ಯಾನೆಲ್ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಮಿಗ್ ನಮ್ಮಲ್ಲಿ ಬರೀ ಲೋಹದ ಹೊಳಪಿನಲ್ಲೂ ಹಾರಿದೆ, ಹಸಿರು-ಕಂದು ಮರೆಬಣ್ಣದಲ್ಲೂ ಹಾರಿದೆ. ಕೊನೆಗಾಲದ ಸುಧಾರಿತ ಮಿಗ್-21 ಬೈಸನ್‌ಗಳದ್ದು ಬೂದು. ಹೊಸಬರಿಗೆ ಬೂದೇ ಸರಿ. ಲೋಹದ ಬಣ್ಣದ ಸಹವಾಸ ಈಗ ಬೇಡ, ಉಗುರಿನ ಒಂದು ಗೀರೂ ಅದರಲ್ಲಿ ಬಚ್ಚಿಟ್ಟುಕೊಳ್ಳಲ್ಲ. ಇನ್ನೊಂದು ಮಾತು: ಬಣ್ಣ ತೆಳು ಮಾಡಲು ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಬೇಡ. ದುಡ್ಡು ಉಳಿಸಲು ಹೋಗಿ ಒಮ್ಮೆ ಹಾಕಿದ್ದೆ. ರೆಕ್ಕೆ ಬಿಸಿಲಿಗಿಟ್ಟ ಚಾಕೊಲೇಟಿನ ಹಾಗೆ ಮೆತ್ತಗಾಯಿತು.

ಹಂತ 5: ಡೆಕಾಲ್. ಇಲ್ಲಿ ನಿಧಾನ. ಬೆಳ್ಳಿ ಅಂಚು ಬರುವುದು ಡೆಕಾಲ್‌ನ ತಪ್ಪಿನಿಂದಲ್ಲ, ಗಾಳಿಯಿಂದ. ಹೊಳಪಿಲ್ಲದ ಮ್ಯಾಟ್ ಬಣ್ಣ ಕಣ್ಣಿಗೆ ನುಣುಪು ಕಂಡರೂ ಅದರ ಮೈ ತರಿತರಿ. ಡೆಕಾಲ್‌ನ ತೆಳು ಪೊರೆ ಆ ತರಿಗಳ ಮೇಲೆ ಕೂರುತ್ತೆ, ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತೆ, ಬೆಳಕು ಬಿದ್ದಾಗ ಅದೇ ಬೆಳ್ಳಿಯಂತೆ ಮಿನುಗುತ್ತೆ. ಹಾಗಾಗಿ ಬಣ್ಣದ ಮೇಲೆ ಹೊಳಪಿನ (ಗ್ಲಾಸಿ) ವಾರ್ನಿಷ್ ಎರಡು ಕೋಟ್ ಕೊಟ್ಟು ಒಂದಿಡೀ ದಿನ ಒಣಗಿಸಿ. ವಿಮಾನ ಆಟದ ಸಾಮಾನಿನ ಹಾಗೆ ಫಳಫಳ ಅನ್ನುತ್ತೆ. ಗಾಬರಿ ಬೇಡ, ಕೊನೆಗೆ ಮ್ಯಾಟ್ ಹೊಡೆದರೆ ಹೋಗುತ್ತೆ. ನನ್ನ ನಾಲ್ಕು ಮಂದಿಯೂ ಹಾರಿಸಿದ್ದು ಈ ಕೆಲಸವನ್ನೇ.

ಈಗ ಒಂದೊಂದೇ ಡೆಕಾಲ್, ಅಂಚಿಗೆ ಹತ್ತಿರವಾಗಿ ಕತ್ತರಿಸಿ. ಚಿಮುಟದಲ್ಲಿ ಹಿಡಿದು ಉಗುರುಬೆಚ್ಚಗಿನ ನೀರಲ್ಲಿ ಹತ್ತು ಸೆಕೆಂಡ್ ಅದ್ದಿ ಹೊರಗೆ ತೆಗೆಯಿರಿ. ನೀರಲ್ಲೇ ನೆನೆಹಾಕಿದರೆ ಹಿಂದಿನ ಅಂಟೆಲ್ಲ ತೊಳೆದುಹೋಗುತ್ತೆ. ಟಿಶ್ಯೂ ಮೇಲೆ ಒಂದು ನಿಮಿಷ ಬಿಡಿ. ಬೆರಳ ತುದಿಯಲ್ಲಿ ಮುಟ್ಟಿದಾಗ ಕಾಗದದ ಮೇಲೆ ತಾನಾಗಿ ಜಾರಿದರೆ ಹದ ಬಂತು. ರೆಕ್ಕೆಯ ಮೇಲೆ ಡೆಕಾಲ್ ಅಂಟಲು ನೆರವಾಗುವ ಮೈಕ್ರೋ ಸೆಟ್ ದ್ರವ ಸವರಿ, ಒದ್ದೆ ಬ್ರಷ್‌ನಿಂದ ಡೆಕಾಲ್ ಜಾರಿಸಿ ಜಾಗಕ್ಕೆ ತನ್ನಿ. ಸೆಟ್ ಸಿಗದಿದ್ದರೆ ಬಿಳಿ ವಿನೆಗರ್ ಕೂಡ ಸುಮಾರಾಗಿ ಕೆಲಸ ಮಾಡುತ್ತೆ. ಆಮೇಲೆ ಒದ್ದೆ ಇಯರ್ ಬಡ್ ಅನ್ನು ನಡುವಿನಿಂದ ಅಂಚಿನ ಕಡೆ ಉರುಳಿಸಿ ನೀರು, ಗಾಳಿ ಹೊರಹಾಕಿ. ಉರುಳಿಸಿ ಅಂದೆ, ಉಜ್ಜಿ ಅನ್ನಲಿಲ್ಲ.

ಐದು ನಿಮಿಷ ಕಳೆದ ಮೇಲೆ ಮೈಕ್ರೋ ಸೋಲ್ ಎಂಬ ಇನ್ನೊಂದು ದ್ರವವನ್ನು ಮೇಲಿನಿಂದ ಸವರಿ. ಸೆಟ್ ಕೆಳಗೆ, ಸೋಲ್ ಮೇಲೆ, ಅದಲು ಬದಲು ಮಾಡಬೇಡಿ. ಸೋಲ್ ಪೊರೆಯನ್ನು ಮೆತ್ತಗೆ ಮಾಡುತ್ತೆ. ಒಂದೆರಡು ನಿಮಿಷದಲ್ಲಿ ನಿಮ್ಮ ಬಿಲ್ಲೆ ಅಜ್ಜಿಯ ಕೆನ್ನೆಯ ಹಾಗೆ ಸುಕ್ಕುಗಟ್ಟುತ್ತೆ. ಎದೆ ಧಸಕ್ಕೆನ್ನುತ್ತೆ, ಬೆರಳು ತಾನಾಗಿ ಅತ್ತ ಹೋಗುತ್ತೆ. ಮುಟ್ಟಬೇಡಿ! ಈಗ ಅದು ಹಾಲಿನ ಕೆನೆಗಿಂತ ಮೆತ್ತಗಿದೆ, ತಾಗಿದರೆ ಹರಿಯುತ್ತೆ. ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ. ಅರ್ಧ ಗಂಟೆ ಬಿಟ್ಟು ಬಂದರೆ ಸುಕ್ಕೆಲ್ಲ ತಾನೇ ಇಳಿದು, ಪ್ಯಾನೆಲ್ ಗೆರೆಯೊಳಗೂ ಡೆಕಾಲ್ ಇಳಿದಿರುತ್ತೆ. ಎಲ್ಲಾದರೂ ಗುಳ್ಳೆ ಉಳಿದಿದ್ದರೆ ಸೂಜಿಯಲ್ಲಿ ಚುಚ್ಚಿ ಇನ್ನೊಂದು ಹನಿ ಸೋಲ್ ಬಿಡಿ.

ಹಳೇ ಕಿಟ್‌ನ ಡೆಕಾಲ್ ಹಳದಿಯಾಗಿದ್ದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಟೇಪ್ ಹಾಕಿ ಅಂಟಿಸಿಡಿ. ಒಂದೆರಡು ವಾರದಲ್ಲಿ ಬೆಳ್ಳಗಾಗುತ್ತೆ. ಮನೆಯವರು ಏನಿದು ಅಂತ ಕೇಳ್ತಾರೆ, ಕೇಳಲಿ.

ಹಂತ 6. ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ನೀರಿನ ಕಲೆ ಒರೆಸಿ, ಇನ್ನೊಂದು ಕೋಟ್ ಹೊಳಪಿನ ವಾರ್ನಿಷ್, ಒಣಗಿದ ಮೇಲೆ ಮ್ಯಾಟ್ ವಾರ್ನಿಷ್. ಮಳೆ ಹಿಡಿದಿದ್ದರೆ ಸ್ಪ್ರೇ ಕ್ಯಾನ್ ಮುಟ್ಟಬೇಡಿ. ತೇವದ ಗಾಳಿಗೆ ವಾರ್ನಿಷ್ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತೆ. ಮಂಗಳೂರಿನವರು ಜೂನ್, ಜುಲೈನಲ್ಲಿ ಸುಮ್ನೆ ಇನ್ನೊಂದು ಕಿಟ್ ಜೋಡಿಸುತ್ತಾ ಕೂತರೆ ಒಳ್ಳೆಯದು.

ಮಿಗ್‌ನ ಮೂಗಿನ ಮುಂದೆ ಚಾಚಿಕೊಂಡಿರುವ, ಗಾಳಿಯ ವೇಗ ಅಳೆಯುವ ಪಿಟೋ ಕಡ್ಡಿಯನ್ನು ಎಲ್ಲಾ ಮುಗಿದ ಮೇಲೆ ಅಂಟಿಸಿ. ಅಲ್ಲಿವರೆಗೆ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿರಿ. ಮೊದಲೇ ಅಂಟಿಸಿದರೆ ಅಂಗಿಯ ತೋಳಿಗೆ ಸಿಕ್ಕಿ ಮುರಿಯುವುದು ಗ್ಯಾರಂಟಿ. ಮುರಿದೇ ಹೋಯಿತಾ? ತೆಳ್ಳಗಿನ ಹೊಲಿಗೆ ಸೂಜಿ ಅಳತೆಗೆ ಕತ್ತರಿಸಿ ಸಿಕ್ಕಿಸಿ. ಕಿಟ್‌ನ ಕಡ್ಡಿಗಿಂತ ಅದೇ ಚೆನ್ನಾಗಿ ಕಾಣುತ್ತೆ.