ಹಣ್ಣು ಮುಟ್ಟಿಲ್ಲ, ಬನ್ಸ್ ತಿಂದದ್ದು

ಡೊಂಬಿವಲಿಯಲ್ಲಿ ಸಣ್ಣ ಹೋಟೆಲ್ ಇಟ್ಟಿರುವ ಕುಂದಾಪುರದ ಕಡೆಯವರೊಬ್ಬರು ನನ್ನ ಹತ್ತಿರ ಬಂದಾಗ ಅವರಿಗೆ ಆರು ವರ್ಷದಿಂದ ಭೇದಿ. ಹೋದಲ್ಲೆಲ್ಲ ಐಬಿಎಸ್ (ಕರುಳಿನ ಕಿರಿಕಿರಿ), ಟೆನ್ಶನ್ ಅಂತ ಮಾತ್ರೆ ಕೊಟ್ಟಿದ್ದರು. ನಾನೂ ಹಾಗೇ ಬರೆದು ಕಳಿಸುತ್ತಿದ್ದೆನೇನೋ. ಜೊತೆಗೆ ಬಂದ ಹೆಂಡತಿ, "ಇವರ ಮುಖ ಸುಮ್ನೆ ಕೂತಲ್ಲೇ ಕೆಂಪಾಗ್ತದೆ ಡಾಕ್ಟ್ರೇ, ಬೆವರು ಮಾತ್ರ ಬರೋದಿಲ್ಲ" ಅಂದರು. ಬೆವರಿಲ್ಲದ ಕೆಂಪು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ. ಎರಡೂ ಸೇರಿದರೆ ನನ್ನ ಕಿವಿ ನೆಟ್ಟಗಾಗುತ್ತದೆ: ಸೆರೊಟೋನಿನ್ ಎಂಬ ಹಾರ್ಮೋನು ಸುರಿಸುವ ನ್ಯೂರೋಎಂಡೋಕ್ರೈನ್ ಗೆಡ್ಡೆ, ಅಂದರೆ ಒಂದು ಬಗೆಯ ಕ್ಯಾನ್ಸರ್, ಇರಬಹುದೇ ಅಂತ.

ರಕ್ತದಲ್ಲಿ ಇಂಥ ಗೆಡ್ಡೆ ಬಿಡುವ ಕ್ರೋಮೋಗ್ರಾನಿನ್-ಎ ಎಂಬ ಪ್ರೋಟೀನು, 24 ಗಂಟೆಯ ಮೂತ್ರದಲ್ಲಿ 5-ಎಚ್‌ಐಎಎ ನೋಡಿಸಿದೆ. ಗೆಡ್ಡೆ ಸುರಿಸುವ ಸೆರೊಟೋನಿನ್ ಕೊನೆಗೆ ಈ 5-ಎಚ್‌ಐಎಎ ಆಗಿ ಹೊರಗೆ ಬರುತ್ತದೆ. ಎರಡೂ ಜಾಸ್ತಿ ಬಂದವು. ರೋಗ ಸಿಕ್ಕಿತಲ್ವಾ ಅಂದುಕೊಂಡೆ. ಆಮೇಲೆ ಸುಮ್ನೆ ಕೇಳಿದೆ, ಬೆಳಿಗ್ಗೆ ಎದ್ದು ಏನು ತಗೊಳ್ತೀರಿ?

"ಮೊದಲು ಗ್ಯಾಸಿನ ಮಾತ್ರೆ. ಆಮೇಲೆ ನಮ್ಮ ಹೋಟೆಲಿನದ್ದೇ ಎರಡು ಬನ್ಸ್, ಕಾಫಿ."

"ಬಾಳೆಹಣ್ಣು ಬೇಡ ಅಂದಿದ್ದೆನಲ್ಲ?"

"ಹಣ್ಣು ಮುಟ್ಟಿಲ್ಲ ಮಾರಾಯ್ರೆ, ಬನ್ಸ್ ತಿಂದದ್ದು!"

ತಪ್ಪು ನನ್ನದೇ. ಕರಾವಳಿಯವನಾಗಿ ಬನ್ಸ್ ಹಿಟ್ಟಿಗೆ ಕಳಿತ ಬಾಳೆಹಣ್ಣು ಕಿವುಚಿ ಹಾಕುತ್ತಾರೆ ಅಂತ ನನಗೆ ಹೊಳೆಯಬೇಕಿತ್ತು. ಬಾಳೆಹಣ್ಣಿನಲ್ಲೇ ಸೆರೊಟೋನಿನ್ ಇದೆ. ಇನ್ನು ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ಕ್ರೋಮೋಗ್ರಾನಿನ್ನನ್ನು ಸುಳ್ಳುಸುಳ್ಳೇ ಏರಿಸುತ್ತದೆ.

ಮಾತ್ರೆ ಎರಡು ವಾರ ನಿಲ್ಲಿಸಿದೆ. ಮೂರು ದಿನ ಬನ್ಸ್, ಅನಾನಸ್, ಟೊಮೇಟೊ, ಬದನೆ, ಅಕ್ರೋಟ್ ಯಾವುದೂ ಬೇಡ ಅಂದೆ. ಮತ್ತೆ ನೋಡಿದಾಗ ಕ್ರೋಮೋಗ್ರಾನಿನ್ ತುಂಬಾ ಇಳಿದಿತ್ತು. 5-ಎಚ್‌ಐಎಎ ಸ್ವಲ್ಪ ಇಳಿದರೂ ಜಾಸ್ತಿಯೇ ಇತ್ತು. ರೋಗ ನಿಜ. ಹಾಗಾದರೆ ಇಷ್ಟು ರಗಳೆ ಯಾಕೆ? ಮುಂದೆ ವರ್ಷಗಟ್ಟಲೆ ಈ ಮೊದಲ ಅಂಕಿಯ ಪಕ್ಕದಲ್ಲೇ ಉಳಿದದ್ದನ್ನೆಲ್ಲ ಇಟ್ಟು ನೋಡಬೇಕು. ಅದರಲ್ಲೇ ಬನ್ಸ್ ಸೇರಿದ್ದರೆ, ಅವರು ಬನ್ಸ್ ಬಿಟ್ಟ ದಿನ ನಾನು ಇಂಜೆಕ್ಷನ್ ಕೆಲಸ ಮಾಡಿತು ಅಂತ ಬೀಗುತ್ತಿದ್ದೆ.

ಇಂಥ ಗೆಡ್ಡೆ ಎಲ್ಲಿದೆ ಅಂತ ತೋರಿಸುವ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನಿನಲ್ಲಿ ಸಣ್ಣ ಕರುಳಿನ ತುದಿಯಲ್ಲಿ ಒಂದು ಗೆಡ್ಡೆ, ಲಿವರಿನಲ್ಲಿ ಚುಕ್ಕೆಗಳು. ಗೆಡ್ಡೆ ಲಿವರಿಗೆ ಹರಡುವ ತನಕ ಅದರ ಸೆರೊಟೋನಿನ್ನನ್ನು ಲಿವರೇ ಒಡೆದು ಹಾಕುತ್ತದೆ, ಮುಖ ಕೆಂಪಾಗುವುದು ಸಾಮಾನ್ಯವಾಗಿ ಆಮೇಲೆಯೇ. ಬಯಾಪ್ಸಿಯಲ್ಲಿ ಗೆಡ್ಡೆ ಬೆಳೆಯುವ ವೇಗ ಹೇಳುವ ಕೆಐ-67 ಶೇ 2, ಅಂದರೆ ಗ್ರೇಡ್ 1, ನಿಧಾನದ ಜಾತಿ. ಈ ರೋಗದಲ್ಲಿ ಹೃದಯದ ಬಲಗಡೆಯ ಕವಾಟ ಕೆಡಬಹುದು ಅಂತ ಎಕೋ ಕೂಡ ಮಾಡಿಸಿದೆ, ಸರಿ ಇತ್ತು.

ಗೆಡ್ಡೆ ಹಾರ್ಮೋನು ಸುರಿಸುವುದನ್ನು ತಗ್ಗಿಸಲು 28 ದಿನಕ್ಕೊಮ್ಮೆ ಕುಂಡೆಗೆ ಆಕ್ಟ್ರಿಯೋಟೈಡ್. ಈ ಇಂಜೆಕ್ಷನ್ನಿಗೆ ಅವಸರ ಆಗದು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಬೇಕು, ಪುಡಿ ಪೂರ್ತಿ ನೆನೆಯಬೇಕು, ಕಲಸಿದ ಮೇಲೆ ಮಾತ್ರ ತಕ್ಷಣ ಚುಚ್ಚಬೇಕು. ಒಮ್ಮೆ ಸೂಜಿ ಕಟ್ಟಿಕೊಂಡು ಅಷ್ಟು ದುಬಾರಿ ಔಷಧ ಹಾಳಾಯಿತು. ಭೇದಿ ನಿಂತಿತು. ನಾಲ್ಕು ತಿಂಗಳಾದ ಮೇಲೆ ಮಲ ಬಿಳಿಚಿ ತೇಲತೊಡಗಿದಾಗ ಅವರು ಹೆದರಿ ಊಟವನ್ನೇ ಕಡಿಮೆ ಮಾಡಿದ್ದರು. ರೋಗ ಮರಳಿದ್ದಲ್ಲ, ಇಂಜೆಕ್ಷನ್ ಮೇದೋಜೀರಕದ ರಸ ತಗ್ಗಿಸಿತ್ತು. ಊಟದ ಜೊತೆ ಎಂಜೈಮ್ ಕ್ಯಾಪ್ಸೂಲಿಗೆ ಸರಿಹೋಯಿತು.

ಮೂರನೇ ವರ್ಷ ಚುಕ್ಕೆಗಳು ಬೆಳೆದವು. ಗೆಡ್ಡೆಗೇ ಹೋಗಿ ಅಂಟಿ ವಿಕಿರಣ ಕೊಡುವ ಲುಟೇಶಿಯಂ-177 ಔಷಧ ಕೊಡಿಸಿದೆವು. ಭಾರತದಲ್ಲಿ ಇದನ್ನು ಇಲ್ಲೇ ಮುಂಬೈಯ ಟ್ರಾಂಬೆಯ ರಿಯಾಕ್ಟರಿನಲ್ಲಿ ಮಾಡುತ್ತಾರೆ. ಪ್ರತಿ ಸಲ 200 ಮಿಲಿಕ್ಯೂರಿ, ಎಂಟು ವಾರಕ್ಕೊಮ್ಮೆ, ನಾಲ್ಕು ಸಲ. ಕಿಡ್ನಿ ಕಾಯಲು ಜೊತೆಗೆ ಗಂಟೆಗಟ್ಟಲೆ ಅಮೈನೋ ಆಸಿಡ್ ಡ್ರಿಪ್. ಅವರಿಗೆ ವಾಂತಿ ಬಂದದ್ದು ಆ ಡ್ರಿಪ್ಪಿಗೇ.

ಈಗ ಪ್ರತಿ ಸ್ಕ್ಯಾನಿಗೂ "ಹೋಯ್ತಾ ಡಾಕ್ಟ್ರೇ?" ಅಂತ ಕೇಳುತ್ತಾರೆ. ಹೋಗಿಲ್ಲ, ಬೆಳೆದೂ ಇಲ್ಲ ಅನ್ನುತ್ತೇನೆ. ಹೆಂಡತಿ ಮುಂದಿನ ಇಂಜೆಕ್ಷನ್ ತಾರೀಕು ಬರೆದುಕೊಳ್ಳುತ್ತಾರೆ.