ಬಿಲ್ಲು ಮಾಡುವವರೇ, ಬೆನ್ನು ಹೆರೆಯಬೇಡಿ

ಅಮೆರಿಕದ ಓಸೇಜ್ ಬುಡಕಟ್ಟಿನವರ ಬಿಲ್ಲು ಓಸೇಜ್ ಆರೆಂಜ್ ಮರದ್ದು. ಆ ಮರಕ್ಕಾಗಿ ಬೆಂಗಳೂರೆಲ್ಲ ಸುತ್ತಬೇಡಿ. ಬಂಬೂ ಬಜಾರಲ್ಲಿ ಒಣಗಿದ, ದಪ್ಪ ಬಿದಿರು ನೋಡಿ ತಗೊಂಡು ದಬ್ಬೆ ಸೀಳಿಸಿ, ಸಾಕು.

ಆದರೆ ಆ ಮರದ ಬಿಲ್ಲಿನ ಒಂದು ನಿಯಮ ಇಲ್ಲಿಗೂ ಬೇಕು. ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆ ಇರುವ ಮೈ, ಉದ್ದಕ್ಕೂ ಮರದ ಒಂದೇ ಉಂಗುರವಾಗಿರಬೇಕು (ಉಂಗುರ ಅಂದರೆ ಮರ ವರ್ಷ ವರ್ಷ ಬೆಳೆಯುವ ಪದರ). ನಾರು ಎಲ್ಲಿ ತುಂಡಾಯಿತೋ ಅಲ್ಲೇ ಬಿರುಕು ಬಿಡುತ್ತೆ. ಬಿದಿರಲ್ಲಿ ಎಳೆತ ತಡೆಯೋದು ಹೊರಸಿಪ್ಪೆ. ಅದನ್ನು ಮುಟ್ಟಲೇಬೇಡಿ, ಗಿಣ್ಣನ್ನು ಬೇಕಾದರೆ ಸ್ವಲ್ಪ ಉಜ್ಜಿ.

ಹೆರೆಯೋದೆಲ್ಲ ಒಳಮೈಯಲ್ಲೇ. ಒಡೆದ ಗಾಜಿನ ಅಂಚು ಇದಕ್ಕೆ ಚೆನ್ನಾಗಿರುತ್ತೆ (ಗ್ಲೌಸ್ ಹಾಕ್ಕೊಳ್ಳಿ ಮಾರಾಯ್ರೇ!). ಸ್ವಲ್ಪ ಹೆರೆದು, ಸ್ವಲ್ಪ ಬಾಗಿಸಿ ನೋಡಿ. ಯಾವ ಭಾಗ ಬಾಗದೆ ಬಿಗಿಯಾಗಿದೆಯೋ ಅಲ್ಲಿ ಮಾತ್ರ ಮತ್ತೆ ಹೆರೆಯಿರಿ. ಬಾಣ ಇಲ್ಲದೆ ಹೆದೆ ಎಳೆದು ಸುಮ್ನೆ ಬಿಡಬೇಡಿ, ಬಿಲ್ಲೇ ಮುರಿಯಬಹುದು.